ಗೊದಮೊಟ್ಟೆಯ ಬಾಲದ ಮೂಳೆ ಎಲ್ಲಿ ಹೋಗುತ್ತದೆ? ಕಪ್ಪೆಗೆ ಒಂಬತ್ತೇ ಬೆನ್ನುಮಣಿ ಯಾಕೆ?

ಕಾಗಿಣಾ ದಡ (ಕಲಬುರಗಿ)

ನಮಸ್ಕಾರ್ರೀ ಎಲ್ಲರಿಗೂ. ಬಿಎಸ್ಸಿ ಜೂವಾಲಜಿ ಓದುತ್ತಿದ್ದೇನೆ. ಒಂದು ವಿಷಯ ತಲೆಗೆ ಹತ್ತುತ್ತಿಲ್ಲ.

ಕಪ್ಪೆಯ ಬೆನ್ನುಮೂಳೆಯಲ್ಲಿ ಒಂಬತ್ತು ಮಣಿ, ಅದರ ಹಿಂದೆ ಒಂದು ಉದ್ದನೆಯ ಕಡ್ಡಿ, ಅದೇ ಯೂರೋಸ್ಟೈಲ್. ನಮ್ಮ ನೋಟ್ಸ್‌ನಲ್ಲಿ ಬಾಲದ ಮಣಿಗಳು ಬೆಸೆದು ಯೂರೋಸ್ಟೈಲ್ ಆಗಿದೆ ಅಂತ ಒಂದೇ ಸಾಲು ಬರೆಸಿದ್ದಾರೆ, ಮುಂದೆ ಏನೂ ಇಲ್ಲ. ಹಾಗಾದರೆ ಗೊದಮೊಟ್ಟೆಗೆ ಬಾಲ ಇರುತ್ತದಲ್ಲ, ಆ ಬಾಲದೊಳಗಿನ ಮೂಳೆಗಳೇ ಒಳಕ್ಕೆ ಸರಿದು ಈ ಕಡ್ಡಿ ಆಗುತ್ತವಾ? ರೂಮ್‌ಮೇಟ್ ಹೌದು ಅಂತ ವಾದ ಮಾಡುತ್ತಾನೆ. ಆದರೆ ಹಾಸ್ಟೆಲ್ ಹಿಂದಿನ ಗುಂಡಿಯಲ್ಲಿ ಮಳೆನೀರು ನಿಂತಿದೆ, ಅಲ್ಲಿಯ ಒಂದು ಗೊದಮೊಟ್ಟೆಯನ್ನು ಪ್ಲಾಸ್ಟಿಕ್ ಲೋಟದಲ್ಲಿ ಬಿಟ್ಟು ಬಿಸಿಲಿಗೆ ಹಿಡಿದು ನೋಡಿದರೆ ಬಾಲ ಆರಪಾರ ಕಾಣುತ್ತದೆ. ನಡುವೆ ಒಂದು ಮಸುಕು ಪಟ್ಟಿ, ಅದರ ಎರಡೂ ಬದಿ ಓರೆ ಓರೆ ಗೆರೆ. ಮೂಳೆ ಅನ್ನೋದೇ ಇಲ್ಲ.

ಇನ್ನೊಂದು, ಹಾವಿಗೆ ನೂರಾರು ಮಣಿ, ಹಲ್ಲಿಗೂ ಸಾಕಷ್ಟಿವೆ. ಕಪ್ಪೆಗೆ ಮಾತ್ರ ಯಾಕಿಷ್ಟು ಜಿಪುಣತನ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಬೀದರ್ ಟೀಚರ್

ತಮ್ಮಾ, ನೀನು ನೋಡಿದ್ದು ಸರಿ ಇದೆ. ನಮ್ಮ ಕಡೆಯ ಗೊದಮೊಟ್ಟೆಗಳ ಬಾಲದಲ್ಲಿ ಮೂಳೆಯೇ ಇಲ್ಲ, ಆದ್ದರಿಂದ ಎಲ್ಲಿ ಹೋಯಿತು ಅನ್ನೋ ಪ್ರಶ್ನೆ ಬರೋದಿಲ್ಲ. ನಡುವೆ ಕಂಡ ಪಟ್ಟಿ ನೋಟೋಕಾರ್ಡ್. ಓರೆ ಗೆರೆಗಳು ಸ್ನಾಯುವಿನ ತುಂಡುಗಳ ನಡುವಿನ ಅಂಚು. ನೋಟೋಕಾರ್ಡ್ ಅಂದರೆ ಗಾಳಿ ತುಂಬಿದ ಸೈಕಲ್ ಟ್ಯೂಬಿನ ಹಾಗೆ, ಒಳಗೆ ದ್ರವ ತುಂಬಿ ಉಬ್ಬಿದ ಜೀವಕೋಶಗಳು, ಹೊರಗೆ ಗಟ್ಟಿ ಪೊರೆ. ಬಾಗುತ್ತದೆ, ಆದರೆ ಮುದುಡೋದಿಲ್ಲ. ಗೊದಮೊಟ್ಟೆ ಈಜೋದಕ್ಕೆ ಅಷ್ಟು ಸಾಕು.

ಈಗ ಶುರುವಿನಿಂದ ಹೇಳುತ್ತೇನೆ. ಭ್ರೂಣದಲ್ಲಿ ನೋಟೋಕಾರ್ಡಿನ ಎರಡೂ ಪಕ್ಕ ಸೋಮೈಟ್ ಅನ್ನೋ ತುಂಡುಗಳು ಮುಂದಿನಿಂದ ಹಿಂದಕ್ಕೆ ಒಂದೊಂದೇ ಜೋಡಿ ಮೂಡುತ್ತಾ ಹೋಗುತ್ತವೆ, ಬಾಲದ ತುದಿಯವರೆಗೂ. ಕೋಳಿ, ಇಲಿಗಳಲ್ಲಿ ಸೋಮೈಟಿನ ದೊಡ್ಡ ಪಾಲು ಮೂಳೆಗೆ ಹೋಗುತ್ತದೆ. ಕಪ್ಪೆಯಲ್ಲಿ ಹೆಚ್ಚಿನ ಪಾಲು ಸ್ನಾಯುವಿಗೇ, ಮೂಳೆ ಮಾಡುವ ಕೋಶಗಳು ಒಂದು ತೆಳು ಪದರ ಅಷ್ಟೆ. ಅವು ನೋಟೋಕಾರ್ಡ್ ಮತ್ತು ನರಹುರಿ ಇರುವ ಕಡೆಗೆ ಸರಿಯುತ್ತವೆ. ಗೊದಮೊಟ್ಟೆ ಆಗಲೇ ಈಜಾಡಿ ಪಾಚಿ ತಿನ್ನುತ್ತಿರುವಾಗ ನರಹುರಿಯ ಎಡಕ್ಕೊಂದು ಬಲಕ್ಕೊಂದು ಮೃದ್ವಸ್ಥಿಯ ಚೂರು ಹುಟ್ಟುತ್ತದೆ. ಮೊದಲು ಕುತ್ತಿಗೆ ಹತ್ತಿರ, ಆಮೇಲೆ ಹಿಂದಕ್ಕೆ. ಈ ಜೋಡಿ ಚೂರುಗಳು ನರಹುರಿಯ ಮೇಲೆ ಕೂಡಿ ಕಮಾನು ಆಗುತ್ತವೆ, ಕೆಳಗೆ ನೋಟೋಕಾರ್ಡ್ ಸುತ್ತ ಮಣಿಯ ಗಟ್ಟಿ ಭಾಗ ಬೆಳೆಯುತ್ತದೆ. ಆಮೇಲೆ ಮೂಳೆ ಕಟ್ಟುತ್ತದೆ.

ಸೋಮೈಟ್ ಹತ್ತಾರು ಇದ್ದರೂ ಮಣಿ ಆಗೋದು ಮುಂದಿನ ಸ್ವಲ್ಪ ಮಾತ್ರ. ಬಾಲದ ಭಾಗದವು ಸ್ನಾಯುವಾಗಿ ಒಂದಷ್ಟು ದಿನ ದುಡಿದು, ರೂಪಾಂತರದ ಹೊತ್ತಿಗೆ ಕರಗಿ ಹೋಗುತ್ತವೆ. ಬಾಲದೊಳಗಿನ ನೋಟೋಕಾರ್ಡ್ ಕೂಡ ಅವುಗಳ ಜೊತೆಗೇ ಹೋಗುತ್ತದೆ.

ಇನ್ನು ಯೂರೋಸ್ಟೈಲ್. ಇದು ಎರಡು ಬೇರೆ ಬೇರೆ ವಸ್ತುಗಳ ಕೂಡಿಕೆ. ಮೇಲಿನದು ಕಾಕ್ಸಿಕ್ಸ್, ಸೊಂಟದ ಮಣಿಯ (ಅದೇ ಒಂಬತ್ತನೆಯದು) ಹಿಂದೆ ಮುಂಡದೊಳಗೇ ಇರುವ ಎರಡು ಮೂರು ಮಣಿಗಳ ಕಮಾನುಗಳು ಬೆಸೆದು ಆದದ್ದು. ಕೆಳಗಿನದು ಹೈಪೋಕಾರ್ಡ್, ನೋಟೋಕಾರ್ಡಿನ ಕೆಳಗೆ ಹೊಸದಾಗಿ ಹುಟ್ಟುವ ಮೃದ್ವಸ್ಥಿಯ ಕಡ್ಡಿ. ಈ ಹೈಪೋಕಾರ್ಡ್ ಯಾವ ಮಣಿಗೂ ಸೇರಿದ್ದಲ್ಲ. ರೂಪಾಂತರದಲ್ಲಿ ಹಿಂಗಾಲು ಬಲಿತು ಮುಂಗಾಲು ಹೊರಬಂದು ಬಾಲ ಕುಗ್ಗುವಾಗ ಇದು ಮೂಳೆಯಾಗುತ್ತದೆ, ನಡುವೆ ಇದ್ದ ನೋಟೋಕಾರ್ಡ್ ಸಾಯುತ್ತದೆ, ಮೇಲಿನದೂ ಕೆಳಗಿನದೂ ಹತ್ತಿರ ಬಂದು ಒಂದೇ ಕಡ್ಡಿ ಆಗುತ್ತದೆ. ಷಿಕಾಗೋ ವಿಶ್ವವಿದ್ಯಾಲಯದ ಗಯನಿ ಸೇನೆವಿರತ್ನೆ, ನೀಲ್ ಶೂಬಿನ್ ಮತ್ತು ಜೊತೆಯವರು 2020ರಲ್ಲಿ ಇದನ್ನು ಹಂತ ಹಂತವಾಗಿ ತೋರಿಸಿದ್ದಾರೆ.

ಅಂದರೆ ನಿಮ್ಮ ನೋಟ್ಸ್‌ನ ಸಾಲು ಅರ್ಧ ನಿಜ. ಬಾಲದ ಕಡೆಯ ಮಣಿಗಳ ಪಾಲೂ ಅದರಲ್ಲಿದೆ. ಆದರೆ ಉದ್ದಕ್ಕೂ ಇರುವ ಕೆಳಭಾಗ ಮಣಿಯಿಂದ ಬಂದದ್ದೇ ಅಲ್ಲ. ಲ್ಯಾಬಿನ ಯೂರೋಸ್ಟೈಲ್ ಕೈಗೆ ಸಿಕ್ಕರೆ ಮುಂದಿನ ತುದಿ ನೋಡು, ಎರಡೂ ಬದಿಯಲ್ಲಿ ಸೂಜಿ ಮೊನೆ ಹೋಗುವಷ್ಟು ತೂತು ಇರುತ್ತದೆ. ಹತ್ತನೇ ಜೋಡಿ ನರ ಹೊರಗೆ ಬರುವ ದಾರಿ ಅದು. ಅಲ್ಲಿ ಒಂದು ಕಾಲಕ್ಕೆ ಬಿಡಿ ಮಣಿ ಇತ್ತು ಅನ್ನೋದಕ್ಕೆ ಅದಕ್ಕಿಂತ ಸಾಕ್ಷಿ ಬೇಕಾ?

ಸುರಪುರದ ಪೋರ

ಟೀಚರ್, ಇಷ್ಟು ಚೆನ್ನಾಗಿ ನಮಗೆ ಯಾರೂ ಹೇಳಲಿಲ್ಲ ನೋಡ್ರೀ. ನಮ್ಮ ಕಾಲದಲ್ಲಿ ಕಪ್ಪೆ ಕೊಯ್ಯೋದು, ಪಿನ್ ಹೊಡೆಯೋದು, ಚಿತ್ರ ಬಿಡಿಸೋದು, ಮುಗೀತು.

ಒಂದು ಡೌಟು. ಬಾಲ ತಾನಾಗೇ ಕರಗುತ್ತಾ, ಇಲ್ಲಾ ಯಾರೋ ಹೇಳಬೇಕಾ?

ಬೀದರ್ ಟೀಚರ್

ಥೈರಾಯ್ಡ್ ಹೇಳುತ್ತದೆ. 1912ರಲ್ಲಿ ಗುಡರ್‌ನಾಚ್ ಅನ್ನೋರು ಗೊದಮೊಟ್ಟೆಗಳಿಗೆ ಕುದುರೆಯ ಥೈರಾಯ್ಡ್ ತಿನ್ನಿಸಿದರು. ಅವು ಬೆಳೆಯೋ ಮೊದಲೇ ಪುಟ್ಟ ಪುಟ್ಟ ಕಪ್ಪೆ ಆಗಿಬಿಟ್ಟವು. ಒಂದೇ ಹಾರ್ಮೋನ್ ಕಾಲಿಗೆ ಬೆಳೆ ಅನ್ನುತ್ತದೆ, ಬಾಲಕ್ಕೆ ಸಾಯಿ ಅನ್ನುತ್ತದೆ, ಹೈಪೋಕಾರ್ಡಿಗೆ ಮೂಳೆಯಾಗು ಅನ್ನುತ್ತದೆ. ಕೇಳುವ ಅಂಗಾಂಶ ಯಾವುದು ಅನ್ನೋದರ ಮೇಲೆ ಅರ್ಥ ಬೇರೆ.

ಕಾಗಿಣಾ ದಡ

ತುಂಬಾ ಥ್ಯಾಂಕ್ಸ್ ಟೀಚರ್. ತೂತು ಸಿಕ್ಕಿತು, ಎರಡೂ ಬದಿ ಇದೆ.

ಆದರೆ ಈಗ ಇನ್ನೊಂದು ತಲೆನೋವು ಶುರುವಾಯಿತು. ಪುಸ್ತಕದಲ್ಲಿ ಎರಡರಿಂದ ಏಳನೇ ಮಣಿವರೆಗೆ ಮುಂದೆ ಕುಳಿ ಹಿಂದೆ ಗುಂಡು, ಎಂಟನೆಯದಕ್ಕೆ ಮಾತ್ರ ಎರಡೂ ಕಡೆ ಕುಳಿ ಅಂತ ಇದೆ. ಲ್ಯಾಬಿನ ಅಸ್ಥಿಪಂಜರದಲ್ಲಿ ಎಂಟನೆಯದಕ್ಕೂ ಹಿಂದೆ ಗುಂಡೇ ಇದೆ. ಬೆರಳಿಂದ ಮುಟ್ಟಿ ನೋಡಿದೆ, ಉಬ್ಬಿದೆ. ಚೀಟಿಯಲ್ಲಿ ರಾನಾ ಟೈಗ್ರಿನಾ, ಅಂದರೆ ಗೂಳಿಗಪ್ಪೆ ಅಂತ ಬರೆದಿದ್ದಾರೆ. ಪುಸ್ತಕ ತಪ್ಪಾ, ಕಪ್ಪೆ ತಪ್ಪಾ?

ಬೀದರ್ ಟೀಚರ್

ಎರಡೂ ಅಲ್ಲ, ಚೀಟಿ ತಪ್ಪಿರಬೇಕು. ನಿಮ್ಮ ಹತ್ತಿರ ಇರೋದು ನೆಲಗಪ್ಪೆ ಅನ್ನಿಸುತ್ತದೆ. ಅದೇ ಮೈಮೇಲೆ ಗಂಟು ಗಂಟು ಇರುತ್ತದಲ್ಲ, ರಾತ್ರಿ ಬೀದಿದೀಪದ ಕೆಳಗೆ ಹುಳ ಹಿಡಿಯೋಕೆ ಕೂತಿರುತ್ತದಲ್ಲ, ಅದು. ಇನ್ನೆರಡು ಗುರುತು ನೋಡು. ಮೇಲಿನ ದವಡೆಯ ಅಂಚಿನ ಮೇಲೆ ಉಗುರು ಎಳೆ, ಗೂಳಿಗಪ್ಪೆಗೆ ಸಣ್ಣ ಹಲ್ಲಿನ ಸಾಲು ತಾಗುತ್ತದೆ, ನೆಲಗಪ್ಪೆಗೆ ಹಲ್ಲೇ ಇಲ್ಲ. ಒಂಬತ್ತನೇ ಮಣಿಯ ಪಕ್ಕದ ರೆಕ್ಕೆಗಳು ಗೂಳಿಗಪ್ಪೆಯಲ್ಲಿ ಕಡ್ಡಿಯಂತೆ ದುಂಡಗೆ, ನೆಲಗಪ್ಪೆಯಲ್ಲಿ ತುದಿಗೆ ಹೋದಂತೆ ಅಗಲ.

ಈ ಎಂಟನೇ ಮಣಿಯ ಕಥೆ ನನಗೆ ಬಹಳ ಇಷ್ಟ. ಮಣಿ ಮಣಿಯ ನಡುವೆ ಮೊದಲು ಒಂದು ಮೃದ್ವಸ್ಥಿಯ ಮುದ್ದೆ ಇರುತ್ತದೆ, ಅದು ಯಾರಿಗೂ ಸೇರಿರೋದಿಲ್ಲ. ಬೆಳೆದ ಹಾಗೆ ಅದು ಮುಂದಿನ ಮಣಿಯ ಬೆನ್ನಿಗೆ ಅಂಟಿಕೊಂಡರೆ ಆ ಮಣಿಗೆ ಹಿಂದೆ ಗುಂಡು ಬಂತು, ಹಿಂದಿನ ಮಣಿಗೆ ಮುಂದೆ ಕುಳಿ ಉಳಿಯಿತು. ನೆಲಗಪ್ಪೆಯಲ್ಲಿ ಎಲ್ಲಾ ಕೀಲಲ್ಲೂ ಹೀಗೇ. ಗೂಳಿಗಪ್ಪೆಯಲ್ಲಿ ಏಳನೇ ಕೀಲಿನವರೆಗೂ ಹೀಗೇ ಬಂದು, ಎಂಟು ಮತ್ತು ಒಂಬತ್ತರ ನಡುವಿನ ಮುದ್ದೆ ಮಾತ್ರ ಹಿಂದಕ್ಕೆ, ಅಂದರೆ ಒಂಬತ್ತನೆಯದಕ್ಕೆ ಅಂಟುತ್ತದೆ. ಅದಕ್ಕೇ ಎಂಟನೆಯದಕ್ಕೆ ಮುಂದೂ ಕುಳಿ, ಹಿಂದೂ ಕುಳಿ, ಒಂಬತ್ತನೆಯದಕ್ಕೆ ಮುಂದೆ ಒಂದು ಗುಂಡು, ಹಿಂದೆ ಯೂರೋಸ್ಟೈಲ್ ಕೂರೋಕೆ ಎರಡು ಗುಂಡು. ಮಕ್ಕಳು ಇದನ್ನ ಸುಮ್ನೆ ಬಾಯಿಪಾಠ ಮಾಡುತ್ತಾರೆ. ಒಂದು ಮುದ್ದೆ ಯಾವ ಕಡೆ ಅಂಟಿತು ಅಂತ ತಿಳಿದರೆ ಬಾಯಿಪಾಠವೇ ಬೇಡ.

ನೆಟ್‌ನಲ್ಲಿ ಚಿತ್ರ ಹುಡುಕುವಾಗ ಹುಷಾರು. ಅಲ್ಲಿ ಸಿಗೋದು ಜಾಸ್ತಿ ಆಫ್ರಿಕಾದ ಜೆನೋಪಸ್ ಚಿತ್ರಗಳು. ಅದರಲ್ಲಿ ಮಣಿ ನೋಟೋಕಾರ್ಡಿನ ಸುತ್ತ ಬೆಳೆಯೋದಿಲ್ಲ, ಮೇಲೆ ಮಾತ್ರ ಕಟ್ಟುತ್ತದೆ, ನೋಟೋಕಾರ್ಡ್ ಕೆಳಗೆ ಉಳಿದು ಒಣಗುತ್ತದೆ. ನಮ್ಮ ಗೂಳಿಗಪ್ಪೆಗೆ ಅದನ್ನು ಹಚ್ಚಿ ಬರೆದರೆ ಮಾರ್ಕ್ಸ್ ಹೋಗುತ್ತದೆ.

ಟ್ರಾಪ್ ಕಲ್ಲು (ಆಳಂದ)

ಟೀಚರ್ ಹುಟ್ಟಿನ ಕಥೆ ಹೇಳಿದರು, ನಾನು ಹಳೇ ಕಾಲದ ಕಥೆ ಹೇಳುತ್ತೇನೆ. ಜಿಪುಣತನ ಯಾಕೆ ಅಂತ ಕೇಳಿದಿರಲ್ಲ, ಅದು ಒಂದೇ ಸಲ ಬಂದದ್ದಲ್ಲ.

ಎಣಿಕೆ ಹೇಗೆ ಅಂತ ಮೊದಲು ಹೇಳಬೇಕು. ಪಳೆಯುಳಿಕೆ ನೋಡುವವರು ಸೊಂಟದ ಮಣಿಯನ್ನು ಬಿಟ್ಟು ಅದರ ಮುಂದಿನವನ್ನು ಎಣಿಸುತ್ತಾರೆ. ಆ ಲೆಕ್ಕದಲ್ಲಿ ಗೂಳಿಗಪ್ಪೆಗೆ ಎಂಟು. ಅಮೆರಿಕದ ಟೆಕ್ಸಾಸ್‌ನಲ್ಲಿ ಸಿಕ್ಕ ಜೆರೋಬಟ್ರಾಕಸ್ ಸುಮಾರು 29 ಕೋಟಿ ವರ್ಷದ್ದು, ಕಪ್ಪೆ ಮತ್ತು ಸಲಾಮ್ಯಾಂಡರ್ (ಹಲ್ಲಿಯಂತೆ ಕಾಣುವ, ಬಾಲ ಇರುವ ಕಪ್ಪೆಯ ಸಂಬಂಧಿ) ಎರಡರ ಲಕ್ಷಣವೂ ಇರುವ ಪ್ರಾಣಿ, ಅದಕ್ಕೆ 17. ಮಡಗಾಸ್ಕರ್‌ನ ಟ್ರಯಡೋಬಟ್ರಾಕಸ್ ಸುಮಾರು 25 ಕೋಟಿ ವರ್ಷದ್ದು, ಅದಕ್ಕೆ 14. ತಲೆ ನೋಡಿದರೆ ಕಪ್ಪೆಯೇ, ಆದರೆ ಹಿಂದೆ ಗಿಡ್ಡ ಬಾಲ, ಬಾಲದ ಮಣಿಗಳು ಬಿಡಿ ಬಿಡಿ, ಯೂರೋಸ್ಟೈಲ್ ಇಲ್ಲ. ಆಮೇಲೆ ಜುರಾಸಿಕ್ ಕಾಲದಲ್ಲಿ ಅರ್ಜೆಂಟೀನಾದ ವಿಯರೆಲ್ಲಾಗೆ 10, ನೋಟೋಬಟ್ರಾಕಸ್‌ಗೆ 9. ಅರಿಜೋನಾದ ಪ್ರೊಸಾಲಿರಸ್ ಸುಮಾರು 19 ಕೋಟಿ ವರ್ಷದ್ದು, ಶೂಬಿನ್ ಮತ್ತು ಜೆಂಕಿನ್ಸ್ 1995ರಲ್ಲಿ ವರದಿ ಮಾಡಿದರು. ಅದರಲ್ಲಿ ಆಗಲೇ ಯೂರೋಸ್ಟೈಲ್ ಇದೆ, ಉದ್ದನೆಯ ಸೊಂಟದ ಮೂಳೆ ಇದೆ, ಉದ್ದ ಹಿಂಗಾಲು ಇದೆ.

ನೋಟೋಬಟ್ರಾಕಸ್‌ದು ಒಂದು ಗೊದಮೊಟ್ಟೆಯೂ ಸಿಕ್ಕಿದೆ, 2024ರಲ್ಲಿ ಪ್ರಕಟವಾಯಿತು. ಸುಮಾರು 16 ಕೋಟಿ ವರ್ಷ ಹಳೆಯದು, 16 ಸೆಂಟಿಮೀಟರ್ ಹತ್ತಿರ ಉದ್ದ. ಗೊದಮೊಟ್ಟೆ ರೀ! ಅಂಗೈಲಿ ಹಿಡಿಸೋದಿಲ್ಲ.

ಈಗಲೂ ಹಳೇ ಮನೆತನದ ಕಪ್ಪೆಗಳಿವೆ. ಉತ್ತರ ಅಮೆರಿಕದ ಅಸ್ಕಾಫಸ್, ನ್ಯೂಜಿಲ್ಯಾಂಡಿನ ಲಿಯೋಪೆಲ್ಮಾ. ಇವಕ್ಕೆ ಸೊಂಟದ ಮುಂದೆ ಒಂಬತ್ತು ಮಣಿ, ಮುಂದಿನ ಕೆಲವು ಮಣಿಗಳಿಗೆ ಪುಟ್ಟ ಪಕ್ಕೆಲುಬೂ ಇವೆ. ನಮ್ಮ ಗೂಳಿಗಪ್ಪೆಗೆ ಪಕ್ಕೆಲುಬೇ ಇಲ್ಲ.

ತೊಗರಿ ಹೊಲ

ಇಷ್ಟೆಲ್ಲಾ ಯಾಕ್ರೀ, ಜಿಗಿಯೋದಕ್ಕೆ ಬೆನ್ನು ಗಿಡ್ಡ ಆಯಿತು. ಸಿಂಪಲ್.

ಟ್ರಾಪ್ ಕಲ್ಲು (ಆಳಂದ)

ಅಣ್ಣಾ, ಅಷ್ಟು ಸಿಂಪಲ್ ಆಗಿದ್ದರೆ ಚೆನ್ನಾಗಿತ್ತು. ಟ್ರಯಡೋಬಟ್ರಾಕಸ್ ಬೆನ್ನು ಹಳಬರಿಗಿಂತ ಆಗಲೇ ಗಿಡ್ಡ, ಆದರೆ ಅದರ ಕಾಲಿನ ಅಳತೆ ನೋಡಿದರೆ ಈಗಿನ ಕಪ್ಪೆಯಂತೆ ಜಿಗಿಯುವ ಪ್ರಾಣಿ ಅಲ್ಲ, ನಡೆಯುವ ಪ್ರಾಣಿ. ಅಂದರೆ ಮಣಿ ಕಡಿಮೆಯಾಗೋದು ಮೊದಲೇ ಶುರುವಾಗಿತ್ತು. ಇರೋ ಗಿಡ್ಡ ಬೆನ್ನನ್ನು ಆಮೇಲೆ ಜಿಗಿತ ಬಳಸಿಕೊಂಡಿತು ಅಂತ ನನ್ನ ಅಭಿಪ್ರಾಯ. ಇದಕ್ಕಾಗಿಯೇ ಅದಾಯಿತು ಅಂತ ಒಂದೇ ಏಟಿಗೆ ಹೇಳೋದು ನನಗೆ ಸೇರೋದಿಲ್ಲ. ಇದರ ಬಗ್ಗೆ ವಿಜ್ಞಾನಿಗಳಲ್ಲೂ ಇನ್ನೂ ಜಗಳ ಇದೆ.

ಜಿಗಿತವೂ ಒಂದೇ ಸಲ ಪೂರ್ತಿ ಆಗಿಲ್ಲ. ಆಗ ಹೇಳಿದ ಅಸ್ಕಾಫಸ್ ಚೆನ್ನಾಗಿ ಜಿಗಿಯುತ್ತದೆ, ಆದರೆ ಇಳಿಯೋಕೆ ಬರೋದಿಲ್ಲ, ಹೊಟ್ಟೆ ಮೇಲೆ ಧಪ್ ಅಂತ ಬೀಳುತ್ತದೆ. ಮುಂಗಾಲು ಊರಿ ಇಳಿಯೋದು ಆಮೇಲಿನ ಕಲಿಕೆ.

ಬೀದರ್ ಟೀಚರ್

ಜಿಗಿತದಲ್ಲಿ ಬೆನ್ನಿನ ಪಾತ್ರ ಕಣ್ಣಾರೆ ನೋಡಬೇಕಾದರೆ ಮೊದಲ ಜೋರು ಮಳೆಗೆ ಹೊರಬರುವ ಗೂಳಿಗಪ್ಪೆ ನೋಡಿ. ಆ ಹೊತ್ತಿಗೆ ಗಂಡು ಹಳದಿ ಬಣ್ಣಕ್ಕೆ ತಿರುಗಿರುತ್ತದೆ, ಹುಡುಕೋದೇ ಬೇಡ. ಕೂತಾಗ ಬೆನ್ನಿನ ಹಿಂಭಾಗದಲ್ಲಿ ಒಂದು ಗೂನು ಕಾಣುತ್ತದೆ. ಒಂಬತ್ತನೇ ಮಣಿ ಮತ್ತು ಸೊಂಟದ ಮೂಳೆ ಕೂಡುವ ಜಾಗ ಅದು. ಅದರ ಹಿಂದೆ ಇಲಿಯಂ ಅನ್ನೋ ಎರಡು ಉದ್ದ ಮೂಳೆಗಳ ನಡುವೆ ಯೂರೋಸ್ಟೈಲ್ ಮಲಗಿರುತ್ತದೆ, ಯೂರೋಸ್ಟೈಲ್‌ನಿಂದ ಇಲಿಯಂಗೆ ಸ್ನಾಯು ಹರಡಿರುತ್ತದೆ. ಜಿಗಿಯುವ ಗಳಿಗೆಯಲ್ಲಿ ಕಾಲು ಒದೆಯುತ್ತಿದ್ದಂತೆ ಬೆನ್ನಿನ ಸ್ನಾಯುಗಳು ಆ ಗೂನನ್ನು ನೇರ ಮಾಡುತ್ತವೆ. ಮೊಬೈಲ್‌ನಲ್ಲಿ ಸ್ಲೋ ಮೋಷನ್ ಹಾಕಿ ಪಕ್ಕದಿಂದ ಚಿತ್ರ ತೆಗೆದರೆ ಚೆನ್ನಾಗಿ ಸಿಗುತ್ತದೆ. ಮುಟ್ಟಬೇಡಿ, ಹಿಡಿಯಬೇಡಿ, ವನ್ಯಜೀವಿ ಕಾಯ್ದೆ ಇದೆ.

ಎಲ್ಲಾ ಕಪ್ಪೆಯೂ ಹೀಗಲ್ಲ. ಜೆನೋಪಸ್ ಜಾತಿಯ ಕಪ್ಪೆಗಳಲ್ಲಿ ಸೊಂಟ ಬೆನ್ನಿನ ಮೇಲೆ ಹಿಂದೆ ಮುಂದೆ ಜಾರುತ್ತದೆ, ನೀರಲ್ಲಿ ಒದ್ದು ಈಜೋಕೆ ಅನುಕೂಲ. ಮೂಳೆಗಳು ಅವೇ, ಕೀಲು ಮಾತ್ರ ಬೇರೆ.

ಆಗಲೇ ನಮ್ಮ ಕಡೆಯ ಗೊದಮೊಟ್ಟೆ ಅಂತ ಬೇಕಂತಲೇ ಬರೆದೆ. ಆಗ್ನೇಯ ಏಷ್ಯಾದ ಕಾಡಿನ ಕೆಲವು ಮೆಗೋಫ್ರಿಡ್ ಕಪ್ಪೆಗಳ ಗೊದಮೊಟ್ಟೆ ಬಾಲದಲ್ಲಿ ನಿಜವಾಗಿಯೂ ಮಣಿಗಳು ಮೂಡುತ್ತವೆ, ರೂಪಾಂತರದಲ್ಲಿ ಬಾಲದ ಜೊತೆ ಹೋಗುತ್ತವೆ. ಆದ್ದರಿಂದ ಕಪ್ಪೆಯ ವಂಶದಲ್ಲಿ ಬಾಲದ ಮಣಿ ಮಾಡುವ ವಿದ್ಯೆ ಪೂರ್ತಿ ಮರೆತುಹೋಗಿಲ್ಲ.

ಕಾಗಿಣಾ ದಡ

ಹಲ್ಲಿಲ್ಲ ಟೀಚರ್, ದವಡೆ ನುಣ್ಣಗಿದೆ. ಸೊಂಟದ ಮಣಿಯ ರೆಕ್ಕೆಯೂ ಅಗಲ. ನೆಲಗಪ್ಪೆಯೇ. ಸರ್‌ಗೆ ತೋರಿಸಿದೆ, ನಕ್ಕು ಚೀಟಿ ಹರಿದರು.

ಸುರಪುರದ ಪೋರ

ಹಾಗಾದರೆ ಇಷ್ಟು ವರ್ಷ ಆ ಲ್ಯಾಬಿನಲ್ಲಿ ಪಾಸಾದವರೆಲ್ಲಾ ನೆಲಗಪ್ಪೆ ನೋಡಿ ಗೂಳಿಗಪ್ಪೆ ಬರೆದವರೇ ಅನ್ನಿ. ಇರಲಿ.

ಟ್ರಾಪ್ ಕಲ್ಲು ಅಣ್ಣಾ, ಹಳೇ ಕಪ್ಪೆ ಎಲ್ಲಾ ಟೆಕ್ಸಾಸು, ಮಡಗಾಸ್ಕರು, ಅರ್ಜೆಂಟೀನಾ. ನಮ್ಮ ಶಹಾಬಾದ್ ಕಲ್ಲಿನಲ್ಲಿ ಯಾವುದೂ ಸಿಗೋದಿಲ್ವಾ? ಮನೆ ತುಂಬಾ ಅದೇ ಹಾಸಿದ್ದೇವೆ.

ಟ್ರಾಪ್ ಕಲ್ಲು (ಆಳಂದ)

ಶಹಾಬಾದ್ ಕಲ್ಲಿನಲ್ಲಿ ಸಿಗೋದಿಲ್ಲ ತಮ್ಮಾ. ಅದು ಭೀಮಾ ಬೇಸಿನ್ನಿನ ಸುಣ್ಣದ ಕಲ್ಲು, ಐವತ್ತು ಕೋಟಿ ವರ್ಷಕ್ಕಿಂತ ಹಳೆಯದು. ಆ ಕಾಲಕ್ಕೆ ಬೆನ್ನುಮೂಳೆ ಇರೋ ಪ್ರಾಣಿ ಭೂಮಿಯ ಮೇಲೆ ಕಾಲಿಟ್ಟೇ ಇರಲಿಲ್ಲ.

ಕಪ್ಪೆ ಹುಡುಕಬೇಕಾದರೆ ಅದರ ಮೇಲಿನ ಕರಿಕಲ್ಲಿನ ಕಡೆ ನೋಡಬೇಕು, ಆಳಂದ, ಬೀದರ್ ಕಡೆಯ ಡೆಕ್ಕನ್ ಟ್ರಾಪ್. ಲಾವಾ ಹರಿದು ಆರಿ, ಮತ್ತೆ ಹರಿಯೋ ನಡುವೆ ಕೆಲವು ಕಡೆ ಕೆರೆ ಕುಂಟೆ ಆಗಿದ್ದವು. ಅವುಗಳ ತಳದ ಮಣ್ಣು ಎರಡು ಲಾವಾ ಪದರದ ನಡುವೆ ಸಿಕ್ಕಿಕೊಂಡಿದೆ. ಮುಂಬೈಯ ವರ್ಲಿ ಗುಡ್ಡದಲ್ಲಿ ಇಂಥದೇ ಪದರದಲ್ಲಿ ಪುಟ್ಟ ಕಪ್ಪೆಗಳ ಅಸ್ಥಿಪಂಜರ ಸಿಕ್ಕಿವೆ. ಅದಕ್ಕೆ 1847ರಲ್ಲಿ ರಿಚರ್ಡ್ ಓವನ್ ರಾನಾ ಪುಸಿಲ್ಲಾ ಅಂತ ಹೆಸರಿಟ್ಟರು. 1930ರಲ್ಲಿ ನೋಬಲ್ ಅದು ರಾನಾ ಅಲ್ಲ ಅಂತ ಇಂಡೋಬಟ್ರಾಕಸ್ ಮಾಡಿದರು.

ನಮ್ಮಲ್ಲೂ ಅಂಥ ಪದರ ಇವೆ. ಸೇಡಂ ತಾಲೂಕಿನ ಯಾನಾಗುಂದಿ, ಗುರುಮಠಕಲ್ ಕಡೆಯ ಚಂಡರಕಿ, ಈ ಎರಡೂ ಕಡೆಯ ಪದರಗಳಲ್ಲಿ ಆಸ್ಟ್ರಕಾಡ್ ಅನ್ನೋ ಚಿಪ್ಪಿನ ಸಣ್ಣ ನೀರುಜೀವಿಗಳ ಪಳೆಯುಳಿಕೆ ಸಿಕ್ಕು ವರದಿಯಾಗಿದೆ. ರಸ್ತೆ ಅಗಲ ಮಾಡುವಾಗ, ಬಾವಿ ತೋಡುವಾಗ ಕರಿಕಲ್ಲಿನ ನಡುವೆ ಬೂದು ಇಲ್ಲಾ ಬಿಳಿ ಬಣ್ಣದ ತೆಳು ಪದರದ ಮಣ್ಣುಗಲ್ಲು ಕಂಡರೆ ಒಡೆಯಬೇಡಿ. ಪಕ್ಕದಲ್ಲಿ ಪೆನ್ನು ಇಟ್ಟು ಫೋಟೋ ತೆಗೆದು ಊರ ಹೆಸರು ಬರೆದು ಇಲ್ಲಿ ಹಾಕಿ, ನಾನು ಬಂದು ನೋಡುತ್ತೇನೆ.